ರಸಮಟ್ಟ

ಮೂರು ಅಂಕ ಹೋಯಿತು.
ರಾತ್ರಿ ಶಾಲೆಯ ಇಂದ್ರಾಣಿ ಮೇಡಂ
ಚಿತ್ರದ ಮೇಲೆ ಕೆಂಪು ಗೀಟೆಳೆದು ಬರೆದರು:
'ಕೋನವನ್ನು ಗೋಡೆಗೆ ಅಂಟಿಸಿದ್ದೀರಿ.'

ನನಗೆ ಮೂವತ್ತೆಂಟು. ಈ ಸಲ ಎಸ್ಸೆಸ್ಸೆಲ್ಸಿ, ಖಾಸಗಿಯಾಗಿ.
ಹಗಲು ಥಣಿಸಂದ್ರದಲ್ಲಿ ಟವರ್ ಕ್ರೇನು,
ನೆಲದಿಂದ ಕ್ಯಾಬಿನ್ನಿಗೆ ಏಣಿಯ ಇನ್ನೂರು ಮೆಟ್ಟಿಲು,
ಮೆಟ್ಟಿಲಿಗೊಂದಡಿ. ಲೆಕ್ಕ ಮಂಡಿಗೆ ಗೊತ್ತು.
ಕೆಳಗೆ ನೋಡುವುದಕ್ಕೇ ನನಗೆ ಸಂಬಳ.
ಅಂಥವನು ಅವನತ ಕೋನದಲ್ಲಿ ತಪ್ಪಿದ ಅಂದರೆ
ಲಾರೆನ್ಸ್ ವಾಕಿಟಾಕಿಯಲ್ಲೇ ನಕ್ಕ.

ಇವತ್ತು ಕಾಂಕ್ರೀಟ್ ಲಾರಿ
ನಾಗವಾರ ಜಂಕ್ಷನ್ನಿನಲ್ಲಿ ಸಿಕ್ಕಿಕೊಂಡಿದೆ. ಕೊಕ್ಕೆಗೆ ಕೆಲಸವಿಲ್ಲ.
ಮಗಳ ಪೆಟ್ಟಿಗೆಯಿಂದ ಕೋನಮಾಪಕ ತಂದಿದ್ದೆ,
ಮೇಸ್ತ್ರಿಯಿಂದ ರಸಮಟ್ಟ.
ಕಿಟಕಿಯ ಅಂಚಿಗಿಟ್ಟೆ.
ಗಾಳಿಗೆ ಕ್ಯಾಬಿನ್ನು ತೂಗುತ್ತದೆ;
ಗುಳ್ಳೆ ಅತ್ತ ಓಡಿತು, ಇತ್ತ ಓಡಿತು,
ಕಾದೆ,
ಎರಡು ಗೀಟಿನ ನಡುವೆ ಬಂದು ಕೂತಿತು.

ಅದರ ನೇರಕ್ಕೆ ಕಣ್ಣಿಟ್ಟರೆ
ಎದುರಿಗೆ ಏನೂ ಇಲ್ಲ.
ಹೆಬ್ಬಾಳ ಕೆರೆಯ ಕಡೆ ಒಂದು ಹದ್ದು, ನನ್ನಷ್ಟೇ ಎತ್ತರದಲ್ಲಿ.
ಎಂಟು ವರ್ಷದಿಂದ ಇಲ್ಲೇ ಕೂತಿದ್ದೇನೆ,
ಈ ನೇರಕ್ಕೆ ಒಮ್ಮೆಯೂ ನೋಡಿರಲಿಲ್ಲ.

ಇಲ್ಲಿಂದ ಶುರು, ಅಂದಿದ್ದರು ಮೇಡಂ.
ಮೊದಲು ನೇರ ನೋಡಬೇಕು, ಆಮೇಲೆ ತಗ್ಗಬೇಕು.
ತಗ್ಗಿದ್ದು ಎಷ್ಟೋ ಕೋನ ಅಷ್ಟು.

ತಗ್ಗಿದೆ. ತಗಡಿನ ಗೇಟು ದಾಟಿ
ಫಿಲೋಮಿನಮ್ಮನ ಟೀ ಗಾಡಿಯ ನೀಲಿ ಛತ್ರಿಯ ಬುಡಕ್ಕೆ.
ಮೂವತ್ತು. ಚೂರು ಹೆಚ್ಚೋ ಕಮ್ಮಿಯೋ.
ಗೋಡೆಯ ಪಾಲಿಗೆ ಉಳಿದದ್ದು ಅರವತ್ತು.
ಅಲ್ಲಿ ಮೂವತ್ತು ಬರೆದು ನಾನು
ಗಾಡಿಯನ್ನು ನೂರಹದಿನೈದಡಿಗೆ ಎಳೆದು ತಂದಿದ್ದೆ,
ಕಂಬಿ ಬಗ್ಗಿಸುವವರ ನಡುವೆ, ಕುದಿಯುವ ಪಾತ್ರೆ ಸಮೇತ.

ಲಾಗ್ ಬುಕ್ಕಿನ ಹಿಂಬದಿಗೆ ಬರೆದೆ:
ಟ್ಯಾನ್ ಮೂವತ್ತು. ಎದುರಿನ ಬಾಹು ಇನ್ನೂರು.
ಪಕ್ಕದ್ದು, ಇನ್ನೂರು ಇಂಟು ವರ್ಗಮೂಲ ಮೂರು,
ಮುನ್ನೂರ ನಲವತ್ತಾರು ಅಡಿ.

ಊಟದ ಹೊತ್ತಿಗೆ ಇಳಿದು ನಡೆದು ನೋಡಿದೆ,
ಕ್ರೇನಿನ ಬುಡದಿಂದ, ಎರಡೂವರೆ ಅಡಿಯ ಹೆಜ್ಜೆ.
ನೂರ ಮೂವತ್ತೆಂಟು ಬರಬೇಕು. ನೂರ ನಲವತ್ತೊಂದು ಬಂತು.
ಪುಸ್ತಕದಲ್ಲಿ ಮರಳಿನ ಗುಡ್ಡೆ ಇರುವುದಿಲ್ಲವಲ್ಲ.

ಫಿಲೋಮಿನಮ್ಮ ಲೋಟ ಕೊಡುತ್ತಾ ಕೇಳಿದಳು:
'ಬೆಳಿಗ್ಗೆ ಅಷ್ಟೊತ್ತು ಈ ಕಡೆನೇ ನೋಡ್ತಿದ್ದೆ, ಯಾಕೆ?'
'ನಿಂಗೆ ಹೆಂಗೆ ಗೊತ್ತಾಯ್ತು?'
'ಕೊಕ್ಕೆ ಅಲ್ಲಾಡದೆ ನಿಂತಿತ್ತು. ಏನಾದ್ರೂ ಆಯ್ತೇನೋ ಅಂತ
ನಾನೂ ನೋಡ್ತಿದ್ದೆ, ಬಿಸಿಲಿಗೆ ಕೈ ಅಡ್ಡ ಹಿಡ್ಕೊಂಡು.
ಕತ್ತು ನೋಯ್ತಿದೆ ನೋಡು.'

ಪರ್ಯಾಯ ಕೋನಗಳು ಸಮ.
ಹಲಗೆಯ ಮೇಲೆ ಮೇಡಂ ಎರಡು ಸಲ ಬರೆದಿದ್ದರು.
ನಾನು ತಗ್ಗಿಸಿದಷ್ಟನ್ನೇ
ಅವಳು ಎತ್ತಿ ಹಿಡಿದಿದ್ದಳು.

ಹೇಳೋಣವೆಂದುಕೊಂಡೆ. ಬಾಯಿಗೆ ಬಂದದ್ದು
'ಸಕ್ಕರೆ ಸ್ವಲ್ಪ ಕಮ್ಮಿ' ಅಂತ.
ಲಾರಿ ಬಂತು, ಲಾರೆನ್ಸ್ ಕೂಗಿದ.
ಚಿಲ್ಲರೆ ಎರಡು ರೂಪಾಯಿ ಅವಳಲ್ಲೇ ಉಳಿಯಿತು.
ಇನ್ನೂರು ಮೆಟ್ಟಿಲು.