ಕೆಮ್ಮಿ ನೋಡೋಣ

ಜೊಂಗುಲ್ದಾಕಿನ ಆಸ್ಪತ್ರೆ, ಮೂರನೇ ಮಹಡಿ.
ಕಿಟಕಿಯ ಕೆಳಗೆ ಕಪ್ಪು ಸಮುದ್ರ.
ಹೆಸರಷ್ಟೇ ಕಪ್ಪು. ನಿಜವಾದದ್ದು
ಈ ಊರಿನ ಗಂಡಸರ ಎದೆಯೊಳಗಿದೆ,
ಕೊಯ್ದು ತಟ್ಟೆಯಲ್ಲಿಟ್ಟಾಗ ನೋಡಿದ್ದೇನೆ.

ನಾನು ಅರಿವಳಿಕೆಯವಳು.
ಸರ್ಜನ್ ಕೈತೊಳೆದು ಚಹಾಕ್ಕೆ ಹೋದ ಮೇಲೆ
ಹೊಲಿದು ಮುಚ್ಚಿದ ಪಕ್ಕೆಯಲ್ಲಿ
ಮುಚ್ಚದೇ ಉಳಿದ ಒಂದು ಬಾಗಿಲಿಗೆ
ಅಗುಳಿ ಹಾಕುವುದು ನನ್ನ ಪಾಳಿ.

ಅಗುಳಿ ಎಲ್ಲಿ, ಅದೇ ತಕರಾರು.
ಹಳಬರು ಹೇಳುತ್ತಾರೆ: ಎಪಿಡ್ಯೂರಲ್,
ಬೆನ್ನುಹುರಿಯ ಹೊದಿಕೆಗೆ ಹೊರಗಿನಿಂದ ತಾಗಿಸಿ,
ಎರಡೂ ಪಕ್ಕೆ ಮರಗಟ್ಟಲಿ.
ಮರಗಟ್ಟುತ್ತದೆ. ಎದ್ದು ನಿಂತರೆ ಕಣ್ಣು ಕತ್ತಲೆ,
ಮೂತ್ರಕ್ಕೊಂದು ನಳಿಗೆ.
ನನ್ನ ವಯಸ್ಸಿನವರು: ಬೆನ್ನೆಲುಬಿನ ಮಗ್ಗುಲ ಸಂದಿ,
ನರ ಹೊರಬೀಳುವ ಹೊಸ್ತಿಲಲ್ಲೇ ಹಿಡಿಯಿರಿ;
ಸೂಜಿ ಕೂದಲೆಳೆ ಜಾರಿದರೆ ಮಾತ್ರ
ಅಲ್ಲೇ ಶ್ವಾಸಕೋಶದ ಪೊರೆ.
ಈಗಿನ ಹುಡುಗರು: ಅಷ್ಟು ಆಳ ಯಾಕೆ?
ಬೆನ್ನು ನೆಟ್ಟಗಿಡುವ ಸ್ನಾಯುವಿನ ಅಡಿ
ಮೂಳೆಯ ಮೇಲೆ ಸುರಿದುಬಿಡಿ, ಮದ್ದು ತಾನೇ ಇಳಿದೀತು.
ಇಳಿದೀತು.
ಆ ಕ್ರಿಯಾಪದದ ಬಾಲ ಹಿಡಿದು
ಯಾರೋ ಒಬ್ಬ ರಾತ್ರಿ ಕಳೆಯಬೇಕು.

ಅದಕ್ಕೇ ತೊಂಬತ್ತು ಲಕೋಟೆ, ಮೂರು ಬಗೆಯ ಚೀಟಿ.
ಸತಿಲ್ಮಿಶ್‌ಗೆ ಬಂದದ್ದು ಮೂರನೆಯದು.
ಹೆಸರಿನ ಅರ್ಥ, ಮಾರಿದವನು.
ಮೇಲಿನ ಇಬ್ಬರು ಉಳಿಯದೆ ಹೋಗಿ
ಇವನಾದರೂ ಉಳಿಯಲೆಂದು ತಾಯಿ
ಸಂತನ ಗೋರಿಗೆ ಮಾರಿದ್ದಳಂತೆ.
ಇಪ್ಪತ್ತಾರು ವರ್ಷ ನೆಲದಡಿಯಲ್ಲಿ
ಕುಸಿಯುವ ಸೂರಿಗೆ ಮರದ ಆನಿಕೆ ಕೊಟ್ಟವನು.

ಕೂರಿಸಿ, ಬೆನ್ನು ಬಾಗಿಸಿ, ಸೂಜಿ ಇಳಿಸುವಾಗ
ಕತ್ತು ಹೊರಳಿಸಿ ಪರದೆ ನೋಡಿದ:
ಪದರ, ಪದರ, ತಳದಲ್ಲಿ ಬಂಡೆ.
'ಮಗಳೇ, ಕಲ್ಲಿದ್ದಲೂ ಹೀಗೇ ಮಲಗಿರುತ್ತೆ.
ನೀನು ಪದರದೊಳಕ್ಕೆ ನೀರು ಬಿಡ್ತಿದ್ದೀಯ.
ಅದು ಎಲ್ಲಿಗೆ ಹೋಗುತ್ತೋ ಬಲ್ಲವರು ಯಾರು?'
ನಮ್ಮ ಪತ್ರಿಕೆಗಳಲ್ಲಿ ಇದನ್ನೇ
ಹನ್ನೆರಡು ಪುಟ ಬರೆಯುತ್ತಾರೆ.

ಆರು ಗಂಟೆಗೆ ಕೇಳಿದೆ: ಹತ್ತರಲ್ಲಿ ಎಷ್ಟು ನೋವು?
ಸೊನ್ನೆ.
ಹನ್ನೆರಡು ಗಂಟೆಗೆ? ಸೊನ್ನೆ.
ಮಾರ್ಫಿನ್ ಗುಂಡಿ ಕೈಯಲ್ಲೇ ಇತ್ತು,
ಒತ್ತಿದ್ದು ಸೊನ್ನೆ ಸಲ.
ಪಕ್ಕದ ಹಾಸಿಗೆಯ ಬೇಕರಿ ಜೆಮಾಲೆತ್ತಿನ್,
ಎಪಿಡ್ಯೂರಲ್‌ನವನು,
ಮೊಸರಿನ ಚಮಚ ನೆಕ್ಕುತ್ತ 'ಆರು' ಎಂದ,
ಸ್ವಲ್ಪ ಯೋಚಿಸಿ 'ಆರೂವರೆ'.

ರಾತ್ರಿ ಕಾರಿಡಾರಿನಲ್ಲಿ ಹೆಂಡತಿ ಹನೀಫೆ
ನನ್ನ ತೋಳು ಹಿಡಿದಳು.
'ಗಣಿಯಲ್ಲಿ ನೋವು ಅಂದವನಿಗೆ ಮಾರನೇ ದಿನ ಪಾಳಿ ಇಲ್ಲ.
ಬಾಯಿ ಕೇಳಬೇಡ. ದಿಂಬು ನೋಡು.'
ದಿಂಬಿನ ಮೂಲೆ ಒದ್ದೆ,
ಅರ್ಧಚಂದ್ರದ ಹಾಗೆ ಹಲ್ಲಿನ ಸಾಲು.

ರೋಗಿ ಹೇಳಿದ್ದೇ ನೋವು, ಹೀಗಿದೆ ನಿಯಮ.
ಬರೆದದ್ದನ್ನು ತಿದ್ದಲಿಲ್ಲ.
ಕೂರಿಸಿದೆ, ಪಕ್ಕೆಗೆ ಅದೇ ದಿಂಬು ಒತ್ತಿದೆ,
ಕೆಮ್ಮಿ ನೋಡೋಣ ಎಂದೆ.
ಕೆಮ್ಮಿದ,
ಮಗು ಮಲಗಿದ ಮನೆಯಲ್ಲಿ ಬಾಗಿಲು ಮುಚ್ಚುವವನಂತೆ.
ಕಫ ಒಳಗೇ ಉಳಿಯಿತು.
ಹೀಗೆ ಮೂರು ದಿನ ಕೆಮ್ಮಿದರೆ ನ್ಯುಮೋನಿಯಾ,
ಹೀಗೆ ಒಂಬತ್ತು ದಿನ ಕೆಮ್ಮಿದವರನ್ನು ಬಲ್ಲೆ.

ಎರಡನೇ ಸೂಜಿ ತರಿಸಿದೆ.
ಈ ಸಲ ಬೆನ್ನೆಲುಬಿನ ಮಗ್ಗುಲಿಗೆ,
ಲಕೋಟೆಯನ್ನು ಕೇಳದೆ.

ಅರ್ಧ ಗಂಟೆಯ ಮೇಲೆ ಕೆಮ್ಮಿದ ನೋಡಿ,
ಜೆಮಾಲೆತ್ತಿನ್ ಬೆಚ್ಚಿ ಎದ್ದು ಕುಳಿತ.
ಹನೀಫೆಯ ಕರವಸ್ತ್ರದಲ್ಲಿ
ಒಂದು ಚಮಚ ಕೊಜ್ಲು ಗಣಿ.
'ಆಗ ಒಂಬತ್ತಿತ್ತು,' ಅಂದ, 'ಈಗ ಮೂರು.
ಬರೀಬೇಡ.'

ಬರೆಯಲಿಲ್ಲ.
ಎರಡನೇ ಸೂಜಿಯನ್ನು ಬರೆದೆ, ಕಾರಣದ ಜಾಗದಲ್ಲಿ: ಕೆಮ್ಮು.
ಪಟ್ಟಿಯಲ್ಲಿ ಅವನ ಸೊನ್ನೆಗಳು ಹಾಗೇ ಇವೆ,
ದುಂಡಗೆ, ಒಂದರ ಕೆಳಗೊಂದು,
ಮೂರನೇ ಗುಂಪಿನ ಸರಾಸರಿಯನ್ನು
ಚೂರೇ ಚೂರು ಚಂದ ಮಾಡುತ್ತ.