ಐದು ಪೌಂಡ್ ಗಾಳಿ

ಗಾಳಿಗೂ ತೂಕ ಉಂಟು ಅಂತ ಹೇಳಿದ್ದು ಮೊಯ್ದು,
ಎಸ್ಟೇಟ್ ಗೇಟುಗಳಿಗೆ ವೆಲ್ಡಿಂಗ್ ಹಾಕುವವನು.
ಮೆಣಸಿನ ಹಾಗೆ ಕಿಲೋ ಅಲ್ಲ, ಇದಕ್ಕೆ ಪೌಂಡು.
ಐದಾದರೆ ಸಾಕು ನಿನ್ನ ಈ ಮುದುಕಿಗೆ,
ಎಂಟಾದರೆ ಎದೆ ಒಡೆದುಕೊಳ್ಳುತ್ತಾಳೆ ಅಂದ.

ಮುದುಕಿ ಅಂದರೆ ತೊಂಬತ್ತಾರರ ಝೆನ್.
ಕಾಫಿ ಕಣದ ಹಿಂದೆ ಎಂಟು ಮಳೆಗಾಲ ನಿಂತು
ನೆಲದ ತಗಡು ಕೇಕಿನ ಹಾಗೆ ಉದುರಿ,
ಹಿಂದಿನ ಸೀಟು ಒಂದು ಕೆಂಪು ಕೋಳಿಯ ಪಾಲಾಗಿತ್ತು.
ಹನ್ನೊಂದು ಸಾವಿರ ಎಣಿಸಿಕೊಂಡ ಸಾಹುಕಾರರು
ಕೋಳಿ ಕೊಟ್ಟಿಲ್ಲ, ನೆನಪಿರಲಿ, ಅಂದರು.

ಆಮೇಲೆ ಎಲ್ಲ ಮರದ ಮೇಲಿನ ದುಡ್ಡು.
ಸಿಲ್ವರ್ ಓಕಿಗೆ ಏಣಿ ಚಾಚಿ
ಸೊಂಟಕ್ಕೆ ಚೀಲ ಕಟ್ಟಿ ಮೆಣಸು ಕೊಯ್ಯುವಾಗ
ಬೇರೆಯವರಿಗೆ ಗೊಂಚಲು ಕಂಡರೆ
ನನಗೆ ಕಂಡದ್ದು ಪ್ಲಗ್ಗು, ಬೇರಿಂಗು, ಕ್ಲಚ್ ಪ್ಲೇಟು.
ಇರುವೆ ಕಚ್ಚಿದ ದಿನ ಬರೆದಿದ್ದೇನೆ ಪುಸ್ತಕದಲ್ಲಿ:
'ಹೆಡ್ ಗ್ಯಾಸ್ಕೆಟ್, ಎರಡು.'
ಒಂದರ ಮೇಲೊಂದು ಇಟ್ಟು ಬಿಗಿದರೆ
ಒತ್ತಡ ಒಂಚೂರು ಇಳಿಯುತ್ತದೆ.
ಬಡವರ ಎಂಜಿನಿಯರಿಂಗು.

ಟರ್ಬೊ ಸಿಕ್ಕಿದ್ದು ಮೈಸೂರಿನ ಗುಜರಿಯಲ್ಲಿ,
ಪಲ್ಟಿ ಹೊಡೆದ ಯಾರದೋ ಡೀಸೆಲ್ ಕಾರಿನ ಹೊಟ್ಟೆಯಿಂದ.
ಬಸವನಹುಳದಂಥ ಕಬ್ಬಿಣ.
ಶಾಫ್ಟ್ ಹಿಡಿದು ಅಲ್ಲಾಡಿಸಿದೆ:
ಅಕ್ಕಪಕ್ಕಕ್ಕೆ ಕೂದಲೆಳೆಯಷ್ಟು ಆಟ,
ಹಿಂದೆಮುಂದೆ ಇಲ್ಲ.
ಮೂರು ಸಾವಿರ ಅಂದ.
ಬಸ್ ಚಾರ್ಜು ಬಿಟ್ಟು ಇದ್ದದ್ದಷ್ಟನ್ನೂ ಮೇಜಿನ ಮೇಲಿಟ್ಟೆ.
ಎಣಿಸಲಿಲ್ಲ, ಟೀ ಕುಡಿಸಿ ಕಳಿಸಿದ.
ವಿರಾಜಪೇಟೆವರೆಗೂ ಅದು ನನ್ನ ಮಡಿಲಲ್ಲಿ,
ಪ್ಯಾಂಟಿಗೆ ಎಣ್ಣೆ.
ಒಳಗಿನ ಚಕ್ರವನ್ನು ಕಿರುಬೆರಳಲ್ಲಿ ತಿರುಗಿಸುತ್ತಾ ಬಂದೆ.
ಹುಣಸೂರು ದಾಟಿದ್ದು ಗೊತ್ತಾಗಲಿಲ್ಲ.

ಗಾಳಿ ಹೋಗುವ ದಾರಿಗೆ ಪೈಪು ಬೇಕಲ್ಲ,
ಮೊಯ್ದುವಿನ ಶೆಡ್ಡಲ್ಲಿ ಮಾರ್ಚಿಯ ಸ್ಪ್ರಿಂಕ್ಲರ್ ಪೈಪಿನ ತುಂಡಿತ್ತು.
ಒಂದು ಕಾಲಕ್ಕೆ ಅದರಲ್ಲಿ ಹರಿದದ್ದು ಹೊಳೆಯ ನೀರು,
ಒಂಬತ್ತನೇ ದಿನ ಇಡೀ ತೋಟ ಬೆಳ್ಳಗೆ ಹೂ ಬಿಡುತ್ತಿತ್ತು.
ಅವನು ಅದನ್ನು ಓರೆಯಾಗಿ ಕೊಯ್ದು, ಬಗ್ಗಿಸಿ,
ಕಾರ್ಬುರೇಟರಿನ ತಲೆಗೆ ಹಿತ್ತಾಳೆ ಮುಚ್ಚಳ ಕೂರಿಸಿ,
ಬೀಡಿ ಹಚ್ಚಿ ಹೇಳಿದ:
ನೋಡು, ಎಂಜಿನ್ ಉಗುಳಿದ ಹೊಗೆಯೇ
ಚಕ್ರ ತಿರುಗಿಸಿ ಅದಕ್ಕೆ ಉಸಿರು ತುಂಬುತ್ತದೆ.
ಅಷ್ಟೇ. ಇದರಲ್ಲಿ ವೇದಾಂತ ಹುಡುಕಬೇಡ.

ಮೀಟರು ತುಟ್ಟಿ.
ಎಪ್ರೋಸಿನ್ ನರ್ಸಮ್ಮ ರಿಟೈರಾದಾಗ ತಂದ
ಬಿಪಿ ನೋಡುವ ಗಡಿಯಾರ ಕೇಳಿದೆ.
ಯಾರಿಗೆ ಹುಷಾರಿಲ್ಲ? ಅಂದರು.
ಕಾರಿಗೆ, ಅಂದೆ.
ಇನ್ನೂರೈವತ್ತು ದಾಟಿದರೆ ಕಾಲು ತೆಗಿ ಮಗಾ,
ಆ ಬಿಪಿಯಲ್ಲಿ ಬದುಕಿದವರನ್ನು ನಾನು ನೋಡಿಲ್ಲ.

ಜನವರಿ, ಬೆಳಗಿನ ಐದೂವರೆ, ಮಾಕುಟ್ಟ ಘಾಟಿ.
ಕೂಟುಪುಳ ಸೇತುವೆ ಹತ್ತಿರ ತಿರುಗಿಸಿ ಮೇಲಕ್ಕೆ ಮುಖ ಮಾಡಿದೆ.
ಎರಡನೇ ಗೇರು. ಏನೂ ಇಲ್ಲ.
ಅದೇ ಮುದುಕಿ, ಅದೇ ಏದುಸಿರು.
ಮೂರು ಸಾವಿರ ಸುತ್ತು ದಾಟುತ್ತಲೇ
ಬಾನೆಟ್ಟಿನೊಳಗೆ ಯಾರೋ ಸೀಟಿ ಹೊಡೆದ ಹಾಗೆ,
ಸಣ್ಣಗೆ, ಮತ್ತೆ ಜೋರಾಗಿ,
ಮತ್ತೆ ರಸ್ತೆಯೇ ಹಿಂದಕ್ಕೆ ಎಳೆದಂತೆ.
ಬಿದಿರು ಹಿಂಡಲು ಬೆಳಕಿನಲ್ಲಿ ಹರಿದು ಹೋಯಿತು.
ನೂರ ನಲವತ್ತು. ಇನ್ನೂರು. ಇನ್ನೂರ ಮೂವತ್ತು.
ಮೊಯ್ದು ಪಡೆದವನನ್ನು ನೆನೆದ,
ಆಮೇಲೆ ನಗಲು ಶುರುಮಾಡಿದ,
ಅರವತ್ತೆರಡು ವಯಸ್ಸಿನವನು,
ಡ್ಯಾಶ್‌ಬೋರ್ಡ್ ಬಡಿಯುತ್ತಾ.

ನಾಲ್ಕನೇ ತಿರುವಿನಲ್ಲಿ ಢಮ್ ಅಂತು.
ಪೈಪು ಕಿತ್ತುಕೊಂಡಿತ್ತು.
ಕಾಡಿನ ಆ ಬದಿಯಿಂದ ವಾಚರ್ ಕೂಗಿದ:
ಆನೆ ಎಲ್ಲಿ? ಎಷ್ಟು ಉಂಟು?
ಆನೆ ಇಲ್ಲ, ಗಾಳಿ, ಅಂತ ಮೊಯ್ದು ಕೂಗಿದ.
ಸ್ವಲ್ಪ ಹೊತ್ತು ಉತ್ತರವಿಲ್ಲ.

ಟಾರ್ಚು ಬಾಯಲ್ಲಿ ಕಚ್ಚಿ
ಮೊಯ್ದುವಿನ ಬೆಲ್ಟಿನಿಂದ ಪೈಪು ಬಿಗಿದು
ಪೆರುಂಬಾಡಿವರೆಗೆ ನಿಧಾನ ಹತ್ತಿದೆವು,
ಒಂದು ಕೈಯಲ್ಲಿ ಅವನು ಪ್ಯಾಂಟು ಹಿಡಿದುಕೊಂಡು.
ಸೂಜಿ ಸೊನ್ನೆಯಲ್ಲಿ ನಿದ್ದೆ ಹೋಗಿತ್ತು.

ಮನೆಗೆ ಬಂದು ಪುಸ್ತಕ ತೆಗೆದೆ:
'ಕ್ಲಿಪ್, ದೊಡ್ಡದು, ಎರಡು. ನೂರ ಇಪ್ಪತ್ತು.
ಬೆಲ್ಟು, ಒಂದು. ಮೊಯ್ದುವಿಗೆ.'
ಹೊರಗೆ, ತೆರೆದಿಟ್ಟ ಹಿಂದಿನ ಬಾಗಿಲಿಂದ
ಕೆಂಪು ಕೋಳಿ ಒಳಹೊಕ್ಕು
ಬಿಸಿಯಿದ್ದ ಸೀಟನ್ನು ಒಮ್ಮೆ ಕೆದಕಿ
ಕುಳಿತುಕೊಂಡಿತು.