ಪಟ್ಟಿಯ ಮೇಲಿನ ತಾರೀಖು

ಶಾರ್ಜಾದ ಮೀನು ಮಾರ್ಕೆಟ್ಟಿನಲ್ಲಿ
ತೊಳೆಯುವ ಕಟ್ಟೆಯ ಏಳನೇ ಹಲಗೆ ನನ್ನದು.
ಹಮೂರಿನ ಹುರುಪೆ ಹೆರೆದು, ಹೊಟ್ಟೆ ಸೀಳಿ,
ಕೇಳಿದವರಿಗೆ ಕೇಳಿದ ದಪ್ಪಕ್ಕೆ ತುಂಡು.
ಹನ್ನೊಂದು ವರ್ಷ.
ಕಿವಿರು ಎತ್ತದೆ ಒಂದು ಮೀನನ್ನೂ
ತಾಜಾ ಅಂದವನಲ್ಲ.

ಭಾವನ ಹೊಟ್ಟೆ ಕೊಯ್ದದ್ದು ಒಂಬತ್ತನೇ ತಾರೀಖು, ಸೋಮವಾರ ರಾತ್ರಿ.
ಕರುಳು ತೂತಾಗಿತ್ತಂತೆ.
ಮೂರು ತಿಂಗಳು ಗ್ಯಾಸೆಂದು ಸೋಡಾ ಕುಡಿದುಕೊಂಡೇ
ಫುಜೈರಾಕ್ಕೆ ಲಾರಿ ಓಡಿಸಿದ್ದ.
ಹೊಕ್ಕುಳ ದಾಟಿ ಇಳಿದ ಬಿಳಿ ಪಟ್ಟಿ,
ಅದರ ಅಂಚಿಗೆ ನೀಲಿ ಪೆನ್ನಿನಲ್ಲಿ ಯಾರೋ ಬರೆದ 11.

ಹದಿಮೂರಕ್ಕೆ ಹೋದರೂ 11.
ಹದಿನಾಲ್ಕಕ್ಕೂ 11.

ಗಂಗೊಳ್ಳಿಯಿಂದ ಅಕ್ಕನ ಫೋನು, ದಿನಕ್ಕೆ ನಾಲ್ಕು:
"ದಿನಾ ಬಿಚ್ಚಿ ಕಾಂತ್ರಾ?
ಮುಟ್ಟುಕ್ ಮುಂಚಿ ಕೈ ತೊಳ್ಕಂತ್ರಾ?"
ಕಾಂತ್ರ್, ತೊಳ್ಕಂತ್ರ್, ಅಂದೆ.
ಬಾಗಿಲ ಪಕ್ಕದ ಸ್ಯಾನಿಟೈಸರ್ ಡಬ್ಬಿ
ಒತ್ತಿದರೆ ಬರಿದೇ ಉಸ್ಸೆಂದದ್ದನ್ನು
ಹೇಳಲಿಲ್ಲ.

ಹದಿನಾಲ್ಕರ ಸಂಜೆ, ಹೊದಿಕೆ ಸರಿಪಡಿಸಲು ಬಗ್ಗಿದೆ.
ವಾಸನೆ.
ಫಿನಾಯಿಲ್ ಗೊತ್ತು, ಮುಲಾಮು ಗೊತ್ತು,
ಮಲಗಿದವರ ಬೆವರಿನ ಕಮಟು ಗೊತ್ತು.
ಇದು ಬೇರೆ. ಐಸು ಕರಗಿದ ಪೆಟ್ಟಿಯಲ್ಲಿ
ಮೇಲಿನ ಸಾಲು ಮಿರಮಿರ ಮಿನುಗುತ್ತಿರುವಾಗ
ಅಡಿಯ ಒಂದೇ ಒಂದು ಮೀನು ಮೊದಲು ಬಿಡುವ
ಆ ಸಣ್ಣ ಸಿಹಿ ನಾತ.

ಸಿಸ್ಟರ್ ಬಿನ್ಸಿಗೆ ಹೇಳಿದೆ, ನನ್ನ ಮಾರ್ಕೆಟ್ ಮಲೆಯಾಳದಲ್ಲಿ.
ಇಪ್ಪತ್ತೆರಡು ಮಂಚಕ್ಕೆ ಆ ಹೊತ್ತು ಇಬ್ಬರೇ.
ಜ್ವರ ಇಲ್ಲ, ಚಾರ್ಟು ನೋಡಿ, ಅಂದಳು.
ಆಮೇಲೆ ಹಿಂಜರಿದು, ಮೆತ್ತಗೆ:
"ಚೇಟ್ಟಾ, ವಾಸನೆ ನಿಮ್ಮ ಅಂಗಿಯದಿರಬಹುದು."

ಪಕ್ಕದ ಮಂಚದ ಸುಡಾನಿ ಮುದುಕ ಗೋಡೆಯ ಕಡೆ ತಿರುಗಿದ.
ಭಾವ ಕಣ್ಣು ಮುಚ್ಚಿಕೊಂಡ.
ಲಿಫ್ಟಿಗೆ ಕಾಯದೆ ನಾಲ್ಕು ಮಹಡಿ ಇಳಿದೆ.

ರೋಲ್ಲಾದ ರೂಮಿನಲ್ಲಿ ಒಂಬತ್ತು ಜನಕ್ಕೆ ಒಂದೇ ಬಚ್ಚಲು.
ನಿಂಬೆಹೋಳಿನಿಂದ ಉಗುರಿನ ಸಂದು, ಮೊಣಕೈ,
ಕಿವಿಯ ಹಿಂದೆ ತಿಕ್ಕಿದೆ.
ಹೊರಗೆ ಬಾಗಿಲು ಬಡಿದರು. ತಿಕ್ಕಿದೆ.
ತಂಗಿಯ ಮದುವೆಗೆಂದು ಎತ್ತಿಟ್ಟ ಅಂಗಿಯ
ಗುಂಡುಪಿನ್ನು ಒಂದೊಂದೇ ಕಿತ್ತು ತೊಟ್ಟೆ.
ಯಾರೋ ಅತ್ತರು ಚಾಚಿದರು, ಬೇಡವೆಂದೆ.
ಮೂಗು ಮೋಸ ಹೋಗಬಾರದು.

ಎಂಟಕ್ಕೆ ಹೊರಗಟ್ಟುತ್ತಾರೆ. ಏಳೂ ಐವತ್ತಕ್ಕೆ ಅವಳೆದುರು ನಿಂತೆ,
ಉಗುರು ತೋರಿಸುವ ಶಾಲೆಯ ಹುಡುಗನಂತೆ ಎರಡೂ ಕೈ ಚಾಚಿ:
"ಮೊದಲು ನನ್ನನ್ನು ಮೂಸಿ, ಸಿಸ್ಟರ್. ಆಮೇಲೆ ಅವನನ್ನು."

ಅವಳು ನಗಲಿಲ್ಲ.
ಕೈಗವಸು ತೊಟ್ಟು, ಪರದೆ ಎಳೆದು,
ಪಟ್ಟಿಯ ಒಂದು ಮೂಲೆ ಎತ್ತಿದಳು,
ಕಿವಿರು ಎತ್ತುವಷ್ಟೇ.
ಮತ್ತೆ ಫೋನಿನ ಕಡೆ ಓಡಿದಳು.

ನಾಲ್ಕು ಹೊಲಿಗೆ ಬಿಚ್ಚಿದರು. ಕಿಡ್ನಿ ಆಕಾರದ ಬೋಗುಣಿ ತುಂಬಿತು.
ಇನ್ನು ತೆರೆದೇ ಬಿಡಬೇಕು, ಅಡಿಯಿಂದ ಮಾಯುತ್ತ ಬರಬೇಕು,
ಅಂದರು ಸಿರಿಯಾದ ಡಾಕ್ಟರು. ತಡವಾಯಿತೇ, ಎಂದೆ.
ಅವರು ಕೈ ತೊಳೆಯುತ್ತಿದ್ದರು,
ಬಹಳ ಹೊತ್ತು.

ಕೂಗಾಡಲಿಲ್ಲ.
ಕೂಗಾಡಲು ನನಗಿರುವುದು ಒಂದೇ ಭಾಷೆ,
ಅಲ್ಲಿ ಅದು ಭಾವನಿಗೊಬ್ಬನಿಗೆ ತಿಳಿಯುತ್ತದೆ,
ಅವನ ಮೇಲೆ ಕೂಗಿ ಏನು?

ಅಕ್ಕನಿಗೆ ಹೇಳಿದ್ದು: ಎರಡು ದಿನ ಜಾಸ್ತಿ ಇರಬೇಕಂತೆ.
ಎರಡಲ್ಲ, ಇಪ್ಪತ್ತು.

ಬಿನ್ಸಿ ಈಗ ಪಟ್ಟಿ ಬದಲಿಸುವಾಗ ಕರೆಯುತ್ತಾಳೆ:
"ಚೇಟ್ಟಾ, ಮೂಗು ಏನನ್ನುತ್ತೆ?"
ಬಗ್ಗುತ್ತೇನೆ. ಉಪ್ಪುನೀರು, ಹತ್ತಿ, ಅಷ್ಟೇ.
ಅವಳೂ ಬಗ್ಗುತ್ತಾಳೆ.

ಆದರೂ ವಾರ್ಡಿಗೆ ಕಾಲಿಟ್ಟರೆ
ಕಣ್ಣು ಮೊದಲು ಪಟ್ಟಿಯ ಅಂಚಿಗೆ,
ನೀಲಿ ಅಂಕಿಗೆ.
ನಿನ್ನೆ ಭಾವ ನನ್ನ ಗದ್ದ ಹಿಡಿದು ಮೇಲೆತ್ತಿದ:
"ಮೋರೆ ಇಲ್ಲಿತ್ತ್ ಮಾರಾಯ."